ಬಲ್ಲೆ, ಆದರೆ ಮನಸ್ಸು ಹೋಗದು: ನೈತಿಕ ತೀರ್ಪು ಮತ್ತು ಪ್ರೇರಣೆ

‘ಜಾನಾಮಿ ಧರ್ಮಂ ನ ಚ ಮೇ ಪ್ರವೃತ್ತಿಃ, ಜಾನಾಮ್ಯಧರ್ಮಂ ನ ಚ ಮೇ ನಿವೃತ್ತಿಃ.’ ದುರ್ಯೋಧನನ ಬಾಯಲ್ಲಿ ಹೇಳಿಸಿರುವ ಈ ಸಾಲು ನಿಮ್ಮಲ್ಲಿ ಬಹಳ ಮಂದಿಗೆ ಗೊತ್ತು. ಧರ್ಮ ಯಾವುದೆಂದು ಬಲ್ಲೆ, ಅದರತ್ತ ಪ್ರವೃತ್ತಿಯಿಲ್ಲ. ಅಧರ್ಮ ಯಾವುದೆಂದೂ ಬಲ್ಲೆ, ಅದರಿಂದ ನಿವೃತ್ತಿಯಿಲ್ಲ. ಸಾಮಾನ್ಯವಾಗಿ ಇದನ್ನು ಒಬ್ಬ ಹಟಮಾರಿಯ ತಪ್ಪೊಪ್ಪಿಗೆ ಎಂದು ಓದಿ ಮುಂದೆ ಹೋಗುತ್ತೇವೆ. ಇವತ್ತು ಇದನ್ನು ತರ್ಕದ ಪ್ರಶ್ನೆಯಾಗಿ ಓದೋಣ. ಇಂಥ ಮಾತು ಸಾಧ್ಯವೇ? ‘ಮಳೆ ಬರುತ್ತಿದೆ, ಆದರೆ ಬರುತ್ತಿದೆಯೆಂದು ನಾನು ನಂಬುವುದಿಲ್ಲ’ ಎಂದು ಯಾರಾದರೂ ಅಂದರೆ ಮಾತಿನಲ್ಲೇ ಏನೋ ಎಡವಟ್ಟಾಗಿದೆ ಅನ್ನಿಸುತ್ತದೆ. ‘ಇದು ತಪ್ಪು, ಆದರೆ ಬಿಡಬೇಕೆಂದು ನನಗೆ ಎಳ್ಳಷ್ಟೂ ಅನ್ನಿಸುವುದಿಲ್ಲ’ ಎಂಬುದೂ ಅದೇ ಜಾತಿಯ ಎಡವಟ್ಟೋ? ಅಥವಾ ‘ಬೆಟ್ಟ ಎತ್ತರವಾಗಿದೆ, ಆದರೆ ಹತ್ತಲು ನನಗೆ ಇಷ್ಟವಿಲ್ಲ’ ಎಂಬಂಥ ಬರಿಯ ವರದಿಯೋ?

ಎಡವಟ್ಟು ಎನ್ನುವವರನ್ನು ಆಂತರಿಕವಾದಿಗಳು ಎಂದು ಕರೆಯೋಣ, ವರದಿ ಎನ್ನುವವರನ್ನು ಬಾಹ್ಯವಾದಿಗಳು ಎಂದು. ಇಂಗ್ಲಿಷಿನಲ್ಲಿ ಇಂಟರ್ನಲಿಸಂ, ಎಕ್ಸ್‌ಟರ್ನಲಿಸಂ. ತತ್ತ್ವಜ್ಞಾನಿ ಫಾಕ್ 1947ರ ಒಂದು ಲೇಖನದಲ್ಲಿ ಈ ಭೇದವನ್ನು ಎತ್ತಿದ. 1958ರಲ್ಲಿ ಫ್ರಾಂಕೆನಾ ಬರೆದ ದೀರ್ಘ ಪ್ರಬಂಧದ ನಂತರ ಅದು ಎಲ್ಲರ ಬಾಯಿಗೂ ಬಂತು. ಪ್ರೇರಣೆಯ ಎಳೆತ ತೀರ್ಪಿನ ಒಳಗೇ ಹೆಣೆದುಕೊಂಡಿದೆ ಎಂಬುದು ಮೊದಲಿನವರ ಮಾತು. ತೀರ್ಪು ಒಂದು ಕಡೆ, ಎಳೆತ ಇನ್ನೊಂದು ಕಡೆ, ಇವೆರಡನ್ನೂ ಕೂಡಿಸುವುದು ಆ ಮನುಷ್ಯನ ಸ್ವಭಾವ ಮತ್ತು ಬೆಳವಣಿಗೆ ಎಂಬುದು ಎರಡನೆಯವರ ಮಾತು.

ಒಂದು ಉದಾಹರಣೆ ಇಟ್ಟುಕೊಳ್ಳೋಣ, ಕೊನೆಯವರೆಗೂ ಅದೇ ಸಾಕು. ಒಬ್ಬ ಪರೀಕ್ಷಕ ಉತ್ತರಪತ್ರಿಕೆಗಳನ್ನೆಲ್ಲ ತಿದ್ದಿ ಕಟ್ಟು ಕಟ್ಟುವ ಹೊತ್ತಿಗೆ ಒಂದರಲ್ಲಿ ಕೂಡುವ ಲೆಕ್ಕ ತಪ್ಪಿರುವುದು ಕಾಣುತ್ತದೆ. 47 ಆಗಬೇಕಾದಲ್ಲಿ 41 ಬರೆದಿದ್ದಾನೆ. ಸರಿಪಡಿಸಬೇಕೆಂದರೆ ಮೇಲಿನವರಿಗೆ ವಿವರಣೆ ಬರೆದುಕೊಡಬೇಕು, ಒಂದು ಸಂಜೆ ಹಾಳು. ‘ಸರಿಪಡಿಸಬೇಕಾದದ್ದು ನನ್ನ ಕರ್ತವ್ಯ’ ಎಂದುಕೊಳ್ಳುತ್ತಾನೆ. ಕೊನೆಗೆ ಕಟ್ಟು ಕಟ್ಟಿ ಮನೆಗೆ ಹೋಗುತ್ತಾನೆ.

ಇದನ್ನು ಕೇಳಿದ ತಕ್ಷಣ ‘ನೋಡಿ, ತೀರ್ಪು ಇತ್ತು, ಕೆಲಸ ಆಗಲಿಲ್ಲ, ಆಂತರಿಕವಾದ ಬಿತ್ತು’ ಎನ್ನುವವರುಂಟು. ಅವಸರ ಬೇಡ. ಪ್ರೇರಣೆ ಬೇರೆ, ಕ್ರಿಯೆ ಬೇರೆ. ಈ ಪರೀಕ್ಷಕ ಎರಡು ಸಲ ಪೆನ್ನು ಎತ್ತಿ ಇಟ್ಟಿರಬಹುದು, ರಾತ್ರಿ ನಿದ್ದೆ ಬಾರದೆ ಹೊರಳಾಡಿರಬಹುದು. ಎಳೆತ ಇತ್ತು, ಆಲಸ್ಯದ ಮುಂದೆ ಸೋತಿತು. ಸಂಕಲ್ಪದ ದೌರ್ಬಲ್ಯ ಎಂದು ಕರೆಯುವುದು ಇದನ್ನೇ. ಪ್ಲೇಟೋನ ‘ಪ್ರೊಟಾಗೊರಸ್’ ಸಂವಾದದಲ್ಲಿ ಸಾಕ್ರಟೀಸ್ ಇಂಥದ್ದು ಸಾಧ್ಯವೇ ಇಲ್ಲ, ಒಳ್ಳೆಯದು ಯಾವುದೆಂದು ನಿಜವಾಗಿ ತಿಳಿದವನು ಬೇರೆಯದನ್ನು ಮಾಡಲಾರ ಎಂದ. ಅರಿಸ್ಟಾಟಲ್ ತನ್ನ ನೀತಿಶಾಸ್ತ್ರದ 7ನೇ ಪುಸ್ತಕದಲ್ಲಿ ಇದನ್ನು ಒಂದು ನಿಜವಾದ ತೊಡಕು ಎಂದು ತೆಗೆದುಕೊಂಡ. ಇವತ್ತಿನ ಆಂತರಿಕವಾದಿಗಳಲ್ಲಿ ಸಾಕ್ರಟೀಸನಷ್ಟು ದೂರ ಹೋಗುವವರು ವಿರಳ. ಅವರು ಕೇಳುವುದು ಸ್ವಲ್ಪವೇ: ಗೆಲ್ಲದಿದ್ದರೂ ಸರಿ, ಒಂದಿಷ್ಟು ಎಳೆತವಾದರೂ ಇರಲೇಬೇಕು. ಆದ್ದರಿಂದ ಅವರನ್ನು ಸೋಲಿಸಲು ಎಳೆತವೇ ಇಲ್ಲದ ಪರೀಕ್ಷಕ ಬೇಕು. ಹೊರಳಾಟವಿಲ್ಲ, ಕಸಿವಿಸಿಯಿಲ್ಲ, ‘ಹೌದು, ಅದು ನನ್ನ ಕರ್ತವ್ಯ’ ಎಂದು ಶಾಂತವಾಗಿ ಒಪ್ಪಿ ಹೊರಟವನು. ಅವನಿಗೆ ಆಮೇಲೆ ಬರೋಣ.

ಅದಕ್ಕೆ ಮೊದಲು, ಇದರ ಬಗ್ಗೆ ಇಷ್ಟು ಜಗಳ ಯಾಕೆ? ಇದು ಮನಶ್ಶಾಸ್ತ್ರದ ಒಂದು ಸಣ್ಣ ಪ್ರಶ್ನೆಯಲ್ಲವೇ? ಅಲ್ಲ. ತತ್ತ್ವಜ್ಞಾನಿ ಡೇವಿಡ್ ಹ್ಯೂಮ್ ಮನುಷ್ಯಸ್ವಭಾವದ ಬಗೆಗಿನ ತನ್ನ ಗ್ರಂಥದಲ್ಲಿ, 1740ರಲ್ಲಿ ಪ್ರಕಟಿಸಿದ ನೀತಿಯ ಭಾಗದಲ್ಲಿ, ಈ ನಂಟನ್ನೇ ಹಿಡಿದು ಬಹಳ ದೊಡ್ಡದೊಂದನ್ನು ಉರುಳಿಸಲು ಹೊರಟ. ಅವನ ವಾದವನ್ನು ಈಗಿನ ಭಾಷೆಯಲ್ಲಿ ಮೂರು ಹೇಳಿಕೆಗಳಾಗಿ ಬಿಡಿಸುತ್ತಾರೆ. ಒಂದು, ನೈತಿಕ ತೀರ್ಪು ಒಂದು ನಂಬಿಕೆ. ಜಗತ್ತು ಹೀಗಿದೆ ಎಂದು ಹೇಳುತ್ತದೆ, ನಿಜವೋ ಸುಳ್ಳೋ ಆಗಬಲ್ಲದು. ಎರಡು, ನೈತಿಕ ತೀರ್ಪು ತನ್ನಿಂದ ತಾನೇ ಪ್ರೇರಿಸುತ್ತದೆ. ಮೂರು, ಬರಿಯ ನಂಬಿಕೆ ಯಾರನ್ನೂ ಪ್ರೇರಿಸದು, ಜೊತೆಗೆ ಅದರಿಂದ ಬೇರೆಯಾದ ಒಂದು ಬಯಕೆ ಬೇಕು.

ಇವುಗಳಲ್ಲಿ ಯಾವ ಎರಡನ್ನು ಹಿಡಿದರೂ ಉಳಿದೊಂದು ಕೈತಪ್ಪುತ್ತದೆ. ಎರಡು ಮತ್ತು ಮೂರನ್ನು ಹಿಡಿದರೆ ನೈತಿಕ ತೀರ್ಪು ನಂಬಿಕೆಯೇ ಅಲ್ಲ ಎಂದಾಗುತ್ತದೆ. ಹಾಗಾದರೆ ‘ಹಿಂಸೆ ತಪ್ಪು’ ಎಂಬುದು ನಿಜವೋ ಸುಳ್ಳೋ ಎಂದು ಕೇಳುವುದಕ್ಕೇ ಅರ್ಥ ಉಳಿಯುವುದಿಲ್ಲ, ಕನಿಷ್ಠ ಮೇಲ್ನೋಟಕ್ಕೆ. ಏಯರ್ 1936ರಲ್ಲಿ, ಸ್ಟೀವನ್‌ಸನ್ 1937ರಲ್ಲಿ, ಆರ್. ಎಂ. ಹೇರ್ 1952ರಲ್ಲಿ, ಆಮೇಲೆ ಬ್ಲ್ಯಾಕ್‌ಬರ್ನ್ ಮತ್ತು ಗಿಬ್ಬರ್ಡ್, ಒಬ್ಬೊಬ್ಬರೂ ಒಂದೊಂದು ಬಗೆಯಲ್ಲಿ ಹಿಡಿದ ದಾರಿ ಇದು: ನೈತಿಕ ಮಾತು ಒಂದು ನಿಲುವನ್ನೋ ಆದೇಶವನ್ನೋ ಹೊರಹಾಕುತ್ತದೆ. ಅಭಿವ್ಯಕ್ತಿವಾದ ಎಂಬ ಒಂದೇ ಹೆಸರಿನಲ್ಲಿ ಇವರನ್ನೆಲ್ಲ ಸದ್ಯಕ್ಕೆ ಕೂಡಿಸೋಣ, ಅವರ ಒಳಜಗಳ ನಮಗೆ ಬೇಡ. ಥಾಮಸ್ ನೇಗಲ್ 1970ರಲ್ಲಿ, ಮ್ಯಾಕ್‌ಡೊವೆಲ್ 1978ರಲ್ಲಿ ಮೂರನೆಯದನ್ನು ಬಿಟ್ಟರು: ಕೆಲವು ತಿಳಿವಳಿಕೆಗಳು ತಾವೇ ಎಳೆಯುತ್ತವೆ ಎಂದರು. ಡೇವಿಡ್ ಬ್ರಿಂಕ್ 1980ರ ದಶಕದಲ್ಲಿ ಎರಡನೆಯದನ್ನೇ ಬಿಟ್ಟ. ಮೈಕಲ್ ಸ್ಮಿತ್ 1994ರಲ್ಲಿ ಈ ತ್ರಿಕೋನಕ್ಕೆ ‘ನೈತಿಕ ಸಮಸ್ಯೆ’ ಎಂದೇ ಹೆಸರಿಟ್ಟು ಮೂರನ್ನೂ ಉಳಿಸಿಕೊಳ್ಳಬಹುದು ಎಂದು ವಾದಿಸಿದ. ಅವನಿಗೂ ಬರುತ್ತೇನೆ.

ಮೂರನೆಯ ಹೇಳಿಕೆಯ ಹಿಂದೆ ಇರುವ ಚಿತ್ರ ಸ್ವಲ್ಪ ನೋಡಬೇಕು. ಎಲಿಜಬೆತ್ ಆನ್ಸ್‌ಕೋಮ್ 1957ರಲ್ಲಿ ಕೊಟ್ಟ ದೃಷ್ಟಾಂತ ಇದಕ್ಕೆ ಬಹಳ ಸಲ ಬಳಕೆಯಾಗುತ್ತದೆ. ಒಬ್ಬ ಪಟ್ಟಿ ಹಿಡಿದು ಸಾಮಾನು ಕೊಳ್ಳುತ್ತಿದ್ದಾನೆ. ಅವನ ಹಿಂದೆ ಒಬ್ಬ ಪತ್ತೇದಾರ, ಅವನು ಕೊಂಡದ್ದನ್ನೆಲ್ಲ ಬರೆದುಕೊಳ್ಳುತ್ತಿದ್ದಾನೆ. ಕೊನೆಗೆ ಎರಡು ಪಟ್ಟಿಗಳಲ್ಲೂ ಅವೇ ಪದಗಳಿರಬಹುದು. ಆದರೆ ಪಟ್ಟಿಗೂ ಚೀಲಕ್ಕೂ ತಾಳೆಯಾಗದಿದ್ದರೆ? ಪತ್ತೇದಾರನ ಪಟ್ಟಿಯಲ್ಲಾದರೆ ಹೊಡೆದುಹಾಕಿ ತಿದ್ದಿ ಬರೆಯಬೇಕು. ಕೊಳ್ಳುವವನು ಮಾತ್ರ ಪಟ್ಟಿ ತಿದ್ದಿ ಪಾರಾಗುವಂತಿಲ್ಲ, ಚೀಲದಲ್ಲಿರುವುದನ್ನು ಬದಲಿಸಬೇಕು. ನಂಬಿಕೆ ಪತ್ತೇದಾರನ ಪಟ್ಟಿಯ ಹಾಗೆ, ಜಗತ್ತಿಗೆ ತಾನು ಹೊಂದಿಕೊಳ್ಳಬೇಕು. ಬಯಕೆ ಕೊಳ್ಳುವವನ ಪಟ್ಟಿಯ ಹಾಗೆ, ಜಗತ್ತನ್ನು ತನಗೆ ಹೊಂದಿಸಲು ತಳ್ಳುತ್ತದೆ. ಒಂದೇ ಮನಸ್ಥಿತಿ ಒಂದೇ ವಿಷಯದ ಬಗ್ಗೆ ಎರಡೂ ದಿಕ್ಕಿಗೆ ಹೊಂದಲಾಗದು ಎಂಬುದು ಹ್ಯೂಮ್‌ನ ಕಡೆಯವರ ವಾದ. ಇದರ ವಿರುದ್ಧ ‘ವಿಷಯ ಒಂದೇ ಅಲ್ಲವಲ್ಲ’ ಎಂದು ಹೇಳಬಹುದು: ‘ಸರಿಪಡಿಸಬೇಕಾದದ್ದು ಕರ್ತವ್ಯ’ ಎಂಬುದು ಕರ್ತವ್ಯಕ್ಕೆ ಹೊಂದುತ್ತದೆ, ಜೊತೆಗೆ ಅಂಕಪಟ್ಟಿಯನ್ನು ತನಗೆ ಹೊಂದಿಸಲು ತಳ್ಳುತ್ತದೆ. ಈ ಉತ್ತರ ಕೇಳಿದಾಗ ಅನ್ನಿಸುವಷ್ಟು ಹುಡುಗಾಟದ್ದಲ್ಲ.

ಇಲ್ಲಿ ಒಂದು ಪಕ್ಕದ ದಾರಿ ಹಿಡಿಯುತ್ತೇನೆ, ಯಾಕೆಂದರೆ ಈ ಜಗಳ ಹ್ಯೂಮ್‌ನಿಂದ ಶುರುವಾದದ್ದಲ್ಲ. ‘ಇದನ್ನು ಮಾಡು’ ಎನ್ನುವ ವೇದದ ವಿಧಿವಾಕ್ಯ ಕೇಳಿದವನು ಯಾಕೆ ಎದ್ದು ಹೊರಡುತ್ತಾನೆ, ಅವನನ್ನು ಹೊರಡಿಸುವ ‘ಪ್ರವರ್ತಕ’ ಯಾವುದು ಎಂದು ವೇದವಾಕ್ಯಗಳ ಅರ್ಥ ವಿಚಾರಿಸುವ ಮೀಮಾಂಸಕರು ಶತಮಾನಗಳ ಕಾಲ ಕಾದಾಡಿದರು. ಅವರಲ್ಲೇ ಒಂದು ಪಂಥವಾದ ಪ್ರಾಭಾಕರರ ಪ್ರಕಾರ ‘ಇದು ಕಾರ್ಯ, ನಾನು ಮಾಡಬೇಕಾದದ್ದು’ ಎಂಬ ಅರಿವೇ ಹೊರಡಿಸುತ್ತದೆ. ಇನ್ನೊಬ್ಬ ಮೀಮಾಂಸಕ ಮಂಡನಮಿಶ್ರ ‘ವಿಧಿವಿವೇಕ’ದಲ್ಲಿ ಇದನ್ನು ಒಪ್ಪಲಿಲ್ಲ. ‘ಇದು ನನ್ನ ಇಷ್ಟಕ್ಕೆ ಸಾಧನ’ ಎಂಬ ಅರಿವಿಲ್ಲದೆ ಯಾರೂ ಹೊರಡರು ಎಂದ. ನ್ಯಾಯದರ್ಶನದ ತಾರ್ಕಿಕರಾದ ನೈಯಾಯಿಕರು ಇದನ್ನು ಇನ್ನೂ ಬಿಗಿಗೊಳಿಸಿ ಮೂರು ಅರಿವುಗಳು ಬೇಕೆಂದರು: ಇದು ಇಷ್ಟಸಾಧನ, ಇದು ನನ್ನ ಪ್ರಯತ್ನಕ್ಕೆ ಸಾಧ್ಯ, ಇದರ ಬೆನ್ನಿಗೆ ಇದಕ್ಕಿಂತ ಬಲವಾದ ಅನಿಷ್ಟ ಅಂಟಿಕೊಂಡಿಲ್ಲ. ಆಗ ಮಾಡುವ ಇಚ್ಛೆ ಹುಟ್ಟುತ್ತದೆ, ಇಚ್ಛೆಯಿಂದ ಪ್ರಯತ್ನ, ಪ್ರಯತ್ನದಿಂದ ದೇಹದ ಚಲನೆ. ಮಂಡನನನ್ನು ಹ್ಯೂಮ್ ಎಂದೂ ಪ್ರಾಭಾಕರರನ್ನು ನೇಗಲ್ ಎಂದೂ ಕರೆದುಬಿಡುವ ಆಸೆ ಬರುತ್ತದೆ. ಹಾಗೆ ಮಾಡಬೇಡಿ. ಮೀಮಾಂಸಕರಿಗೆ ವಿಧಿವಾಕ್ಯದ ಪ್ರಾಮಾಣ್ಯದಲ್ಲಿ ಸಂದೇಹವೇ ಇರಲಿಲ್ಲ. ಹ್ಯೂಮ್‌ಗೆ ಬೇಕಾದ ತೀರ್ಮಾನ, ನೀತಿ ಬುದ್ಧಿಯಿಂದ ಹುಟ್ಟಿದ್ದಲ್ಲ ಎಂಬುದು, ಮಂಡನನಿಗೆ ಬೇಕಾಗಿಯೇ ಇರಲಿಲ್ಲ. ಆದರೆ ಒಂದು ಪಾಠವಿದೆ: ನೈಯಾಯಿಕರ ಪಟ್ಟಿಯಲ್ಲಿ ಬಯಕೆ ಕೊನೆಯಲ್ಲಿ ಹುಟ್ಟುತ್ತದೆ, ಅರಿವುಗಳಿಂದಲೇ ಹುಟ್ಟುತ್ತದೆ. ಪ್ರೇರಣೆಗೆ ಬಯಕೆ ಬೇಕು ಎಂಬುದು ಒಂದು ಮಾತು, ಆ ಬಯಕೆ ಅರಿವಿಗಿಂತ ಮೊದಲೇ ಇರಬೇಕು ಎಂಬುದು ಇನ್ನೊಂದು ಮಾತು. ನೇಗಲ್ ಒತ್ತಿ ಹೇಳಿದ್ದೂ ಇದನ್ನೇ.

ಮುಖ್ಯ ದಾರಿಗೆ ಬರೋಣ. ‘ಆಂತರಿಕವಾದ’ ಒಂದೇ ಸಿದ್ಧಾಂತ ಅಂದುಕೊಂಡರೆ ಮುಂದಿನದೆಲ್ಲ ಗೋಜಲಾಗುತ್ತದೆ. ಅದಕ್ಕೆ ಮೂರು ತಿರುಪುಗಳಿವೆ. ಎಳೆತ ಎಷ್ಟಿರಬೇಕು ಎಂಬುದು ಒಂದು: ಎಲ್ಲವನ್ನೂ ಗೆಲ್ಲುವಷ್ಟೋ, ಚೂರೇ ಚೂರೋ. ಯಾವಾಗ ಇರಬೇಕು ಎಂಬುದು ಇನ್ನೊಂದು: ಯಾವಾಗಲೂ, ಮನಸ್ಸು ಆರೋಗ್ಯವಾಗಿದ್ದಾಗ ಮಾತ್ರ, ವಿವೇಕ ನೆಟ್ಟಗಿದ್ದಾಗ ಮಾತ್ರ. ಮೂರನೆಯದನ್ನು ಜನ ಮರೆಯುತ್ತಾರೆ: ಯಾರಲ್ಲಿ ಇರಬೇಕು? ತೀರ್ಪು ಕೊಟ್ಟವನಲ್ಲೇ ಇರಬೇಕೋ, ಅವನ ಸಮುದಾಯದಲ್ಲಿ ಇದ್ದರೆ ಸಾಕೋ? ಜೊತೆಗೆ ಒಂದು ಎಚ್ಚರಿಕೆ. ಬರ್ನಾರ್ಡ್ ವಿಲಿಯಮ್ಸ್‌ನ ‘ಆಂತರಿಕ ಕಾರಣಗಳು’ ಎಂಬ ಪ್ರಸಿದ್ಧ ಚರ್ಚೆ ಬೇರೆಯದು. ಒಬ್ಬನಿಗೆ ಏನನ್ನಾದರೂ ಮಾಡಲು ಕಾರಣ ಇದೆ ಎನ್ನಬೇಕಾದರೆ ಅವನ ಪ್ರೇರಣೆಗಳ ಜೊತೆ ಅದಕ್ಕೆ ನಂಟಿರಬೇಕು ಎಂಬುದು ಅಲ್ಲಿನ ವಾದ. ನಾವಿಲ್ಲಿ ಮಾತಾಡುತ್ತಿರುವುದು ಕಾರಣದ ಬಗ್ಗೆ ಅಲ್ಲ, ತೀರ್ಪಿನ ಬಗ್ಗೆ. ಹೆಸರು ಒಂದೇ ಆದ್ದರಿಂದ ವಿದ್ಯಾರ್ಥಿಗಳು ಎರಡನ್ನೂ ಕಲಸಿ ಉತ್ತರ ಬರೆಯುವುದು ಈ ವಿಷಯದಲ್ಲಿ ಕಾಣುವ ಅತಿ ಸಾಮಾನ್ಯ ತಪ್ಪು.

ಈಗ ಎಳೆತವಿಲ್ಲದ ಪರೀಕ್ಷಕನನ್ನು ಕರೆಯೋಣ. ಇಂಥವನನ್ನು ಈ ಕ್ಷೇತ್ರದಲ್ಲಿ ಅಮಾರಲಿಸ್ಟ್ ಎನ್ನುತ್ತಾರೆ, ನಾನು ನೀತಿನಿರ್ಲಿಪ್ತ ಎನ್ನುತ್ತೇನೆ. ಬ್ರಿಂಕ್‌ನ ವಾದ ಸರಳ: ಇವನನ್ನು ಕಲ್ಪಿಸಿಕೊಳ್ಳಲು ನಮಗೆ ಯಾವ ತೊಂದರೆಯೂ ಇಲ್ಲ. ‘ನಾನು ಯಾಕೆ ನೀತಿವಂತನಾಗಿರಬೇಕು’ ಎಂಬ ಪ್ರಶ್ನೆಯನ್ನು ನಾವು ಅರ್ಥಪೂರ್ಣವೆಂದೇ ತೆಗೆದುಕೊಳ್ಳುತ್ತೇವೆ. ಆದ್ದರಿಂದ ತೀರ್ಪಿನ ಅರ್ಥದಲ್ಲೇ ಪ್ರೇರಣೆ ಅಡಗಿರಲಾರದು.

ಆಂತರಿಕವಾದಿಯ ಹಳೆಯ ಉತ್ತರ ಹೇರ್‌ನದು. ನಿರ್ಲಿಪ್ತ ‘ತಪ್ಪು’ ಎಂಬ ಪದವನ್ನು ಉದ್ಧರಣ ಚಿಹ್ನೆಯೊಳಗೆ ಬಳಸುತ್ತಿದ್ದಾನೆ; ಅವನ ಮಾತಿನ ಅರ್ಥ ‘ನೀವೆಲ್ಲ ತಪ್ಪು ಎನ್ನುವಂಥದ್ದು’ ಎಂದಷ್ಟೇ. ಈ ಉತ್ತರ ಕೆಲವು ಕಡೆ ಸರಿಯಾಗಿ ಕೂರುತ್ತದೆ. ಆದರೆ ನಮ್ಮ ಪರೀಕ್ಷಕನನ್ನು ಸ್ವಲ್ಪ ಬದಲಿಸಿ ನೋಡಿ. ಅವನ ಸಹೋದ್ಯೋಗಿಗಳೆಲ್ಲ ‘ಆರು ಅಂಕ ತಾನೇ, ಬಿಡು’ ಎನ್ನುತ್ತಾರೆ. ಅವನು ‘ಇಲ್ಲ, ನೀವೆಲ್ಲ ತಪ್ಪು ತಿಳಿದಿದ್ದೀರಿ, ಇದು ಆ ವಿದ್ಯಾರ್ಥಿಗೆ ಮಾಡುವ ಅನ್ಯಾಯ’ ಎಂದು ಕಾರಣ ಸಮೇತ ವಾದಿಸುತ್ತಾನೆ. ವಾದದಲ್ಲಿ ಗೆಲ್ಲುತ್ತಾನೆ. ಆಮೇಲೆ ತಾನೇ ಕಟ್ಟು ಕಟ್ಟಿ ಹೊರಡುತ್ತಾನೆ, ಮುಖದಲ್ಲಿ ಯಾವ ಭಾವವೂ ಇಲ್ಲ. ಇವನ ‘ಅನ್ಯಾಯ’ಕ್ಕೆ ಉದ್ಧರಣ ಚಿಹ್ನೆ ಹಾಕುವುದು ಹೇಗೆ? ಯಾರ ಮಾತನ್ನು ಉದ್ಧರಿಸುತ್ತಿದ್ದಾನೆ? ಸಮಾಜದ ತೀರ್ಪಿಗೆ ವಿರುದ್ಧವಾಗಿ ತೀರ್ಪು ಕೊಡುವ ನಿರ್ಲಿಪ್ತನ ಎದುರು ಹೇರ್‌ನ ಉತ್ತರ ಕೆಲಸ ಮಾಡದು.

ಸ್ಮಿತ್‌ನದು ಇನ್ನೂ ಜಾಣ ಉತ್ತರ. ಹುಟ್ಟುಕುರುಡನೊಬ್ಬನಿಗೆ ಒಂದು ಯಂತ್ರ ಕೊಟ್ಟಿದ್ದೇವೆ ಅನ್ನಿ, ವಸ್ತುವಿನ ಮೇಲ್ಮೈಯಿಂದ ಬರುವ ಬೆಳಕನ್ನು ಅದು ಚರ್ಮದ ಮೇಲಿನ ಒತ್ತಡವಾಗಿ ತಿಳಿಸುತ್ತದೆ. ಅವನು ‘ಕೆಂಪು’, ‘ಹಸಿರು’ ಎಂಬ ಪದಗಳನ್ನು ಒಂದೂ ತಪ್ಪದೆ ಬಳಸುತ್ತಾನೆ. ಅವನಿಗೆ ಬಣ್ಣದ ಪರಿಕಲ್ಪನೆ ಇದೆಯೇ? ಇದೆ ಎನ್ನುವವರೂ ಉಂಟು, ಇಲ್ಲ ಎನ್ನುವವರೂ ಉಂಟು. ಪದವನ್ನು ಸರಿಯಾಗಿ ಬಳಸುತ್ತಾನೆ ಎಂಬುದಷ್ಟರಿಂದ ವಿಷಯ ತೀರ್ಮಾನವಾಗದು ಎಂಬುದು ಸ್ಮಿತ್‌ನ ಮಾತಿನ ತಿರುಳು. ನಿರ್ಲಿಪ್ತನೂ ಹಾಗೆ. ಸರಿ. ಆದರೆ ಇದು ಬಾಹ್ಯವಾದಿಯ ಬಾಯಿ ಮುಚ್ಚಿಸುತ್ತದೆಯೇ ಹೊರತು ಆಂತರಿಕವಾದಿಗೆ ಏನನ್ನೂ ಗಳಿಸಿಕೊಡುವುದಿಲ್ಲ. ಒಬ್ಬ ‘ನನಗೆ ಕಲ್ಪಿಸಿಕೊಳ್ಳಲು ಆಗುತ್ತದೆ’ ಎನ್ನುತ್ತಾನೆ, ಇನ್ನೊಬ್ಬ ‘ನೀನು ಕಲ್ಪಿಸಿಕೊಂಡದ್ದು ಅದನ್ನಲ್ಲ’ ಎನ್ನುತ್ತಾನೆ. ಇಂಥ ಹಗ್ಗಜಗ್ಗಾಟದಲ್ಲಿ ಹಗ್ಗ ಯಾವತ್ತೂ ಅಲುಗುವುದಿಲ್ಲ.

ಕಲ್ಪನೆಯನ್ನು ಬಿಟ್ಟು ಎಲ್ಲರೂ ಕಂಡಿರುವಂಥದ್ದಕ್ಕೆ ಬಂದರೆ ಸ್ವಲ್ಪ ನೆಲ ಸಿಗುತ್ತದೆ. ಮೈಕಲ್ ಸ್ಟಾಕರ್ 1979ರಲ್ಲಿ ಬರೆದದ್ದು ಇದಕ್ಕೆ ಸೇರುತ್ತದೆ. ಆಯಾಸ, ಹತಾಶೆ, ಖಿನ್ನತೆಗಳಲ್ಲಿ ಒಳ್ಳೆಯದನ್ನು ಒಳ್ಳೆಯದೆಂದು ಕಾಣುವುದು ಹಾಗೇ ಇರುತ್ತದೆ, ಅದರತ್ತ ಹೋಗುವ ಮನಸ್ಸು ಮಾತ್ರ ಬತ್ತಿಹೋಗುತ್ತದೆ. ಖಿನ್ನತೆಯಲ್ಲಿ ಮುಳುಗಿದ ಪರೀಕ್ಷಕನಿಗೆ 47 ಅನ್ನಬೇಕಾದಲ್ಲಿ 41 ಎಂದಿರುವುದು ಅನ್ಯಾಯ ಎಂದು ನಿನ್ನೆಯಷ್ಟೇ ಸ್ಪಷ್ಟವಾಗಿ ಗೊತ್ತು. ಅವನು ನಿನ್ನೆ ತಿಳಿದಿದ್ದನ್ನು ಇವತ್ತು ಮರೆತ ಎನ್ನುವುದು ಹಾಸ್ಯಾಸ್ಪದ. ಎಷ್ಟೋ ಸಲ ಆ ಅರಿವೇ ಅವನನ್ನು ಇನ್ನಷ್ಟು ಹಿಂಡುತ್ತದೆ. ‘ಯಾವಾಗಲೂ ಚೂರಾದರೂ ಎಳೆತ’ ಎಂಬ ಆಂತರಿಕವಾದ ಇಲ್ಲಿಗೆ ಮುಗಿಯಿತು ಎಂಬುದು ನನ್ನ ಲೆಕ್ಕ. ಕಾಣದಷ್ಟು ಸಣ್ಣ ಎಳೆತ ಇದ್ದೇ ಇರುತ್ತದೆ ಎಂದು ಹಟ ಹಿಡಿಯಬಹುದು, ಆದರೆ ಯಾವ ವರ್ತನೆಯಲ್ಲೂ ಯಾವ ಅನುಭವದಲ್ಲೂ ಕಾಣದ ಎಳೆತವನ್ನು ಸಿದ್ಧಾಂತ ಉಳಿಸಲೆಂದೇ ತಂದಿಟ್ಟ ಹಾಗಾಗುತ್ತದೆ.

ಹಾಗಾಗಿ ಎರಡನೆಯ ತಿರುಪು ತಿರುಗುತ್ತದೆ. ಜೇಮ್ಸ್ ಡ್ರೈಯರ್ 1990ರಲ್ಲಿ ‘ಸಾಮಾನ್ಯ ಸ್ಥಿತಿಯಲ್ಲಿ’ ಎಂಬ ಷರತ್ತು ಹಾಕಿದ. ಸ್ಮಿತ್‌ನ ಷರತ್ತು ‘ವ್ಯಾವಹಾರಿಕ ವಿವೇಕ ನೆಟ್ಟಗಿದ್ದರೆ’. ಇಲ್ಲಿ ಎರಡು ಹಳ್ಳಗಳಿವೆ. ತೀರ್ಪಿನಂತೆ ಪ್ರೇರಿತನಾಗುವುದೇ ವಿವೇಕದ ವ್ಯಾಖ್ಯೆ ಎಂದರೆ ಸಿದ್ಧಾಂತ ಪೊಳ್ಳಾಗುತ್ತದೆ: ಪ್ರೇರಿತನಾಗುವವನು ಪ್ರೇರಿತನಾಗುತ್ತಾನೆ, ಅಷ್ಟೇ. ವಿವೇಕವನ್ನು ಬೇರೆಯಾಗಿ ವಿವರಿಸಿದರೆ, ಅಂದರೆ ನಂಬಿಕೆಗಳ ಹೊಂದಾಣಿಕೆ, ಗುರಿಗೆ ತಕ್ಕ ಸಾಧನ ಹುಡುಕುವುದು, ಹೀಗೆ, ಆಗ ತಣ್ಣನೆಯ ತಲೆಯ ನಿರ್ಲಿಪ್ತನೊಬ್ಬ ಆ ಪರೀಕ್ಷೆಯಲ್ಲೆಲ್ಲ ತೇರ್ಗಡೆಯಾಗಿ ಬಂದು ಎದುರು ನಿಲ್ಲುತ್ತಾನೆ. ಸ್ಮಿತ್ ಮಧ್ಯದ ದಾರಿ ಕಡಿಯುತ್ತಾನೆ: ‘ಇದು ಸರಿ’ ಎಂದರೆ ‘ಪೂರ್ಣ ವಿವೇಕಿಯಾಗಿದ್ದರೆ ನಾನು ಇದನ್ನು ಬಯಸುತ್ತಿದ್ದೆ’ ಎಂಬ ನಂಬಿಕೆ, ಹಾಗೆ ನಂಬಿಯೂ ಬಯಸದಿರುವುದು ಒಂದು ಅಸಂಗತಿ. ಚೆನ್ನಾಗಿದೆ. ಆದರೆ ಎಲ್ಲ ವಿವೇಕಿಗಳ ಬಯಕೆಗಳೂ ಒಂದೇ ಕಡೆ ಬಂದು ಸೇರುತ್ತವೆ ಎಂಬ ಭಾರೀ ಸಾಲವನ್ನು ಇದು ಹೊತ್ತಿದೆ, ಅದನ್ನು ತೀರಿಸಿದವರು ಇನ್ನೂ ಇಲ್ಲ.

ಸ್ಮಿತ್‌ನ ಇನ್ನೊಂದು ವಾದ ಹೆಚ್ಚು ಗಟ್ಟಿ. ತೀರ್ಪು ಬದಲಾದಾಗ ಪ್ರೇರಣೆಯೂ ಬದಲಾಗುತ್ತದಲ್ಲ, ಅದನ್ನು ವಿವರಿಸಿ ಎನ್ನುತ್ತಾನೆ. ಆರೋಗ್ಯವಂತರು ರಕ್ತ ಕೊಡಬೇಕಾದದ್ದು ಕರ್ತವ್ಯವೇನಲ್ಲ ಎಂದು ನಂಬಿದ್ದವಳೊಬ್ಬಳು ಸಂಜೆಯ ವಾದದಲ್ಲಿ ಸೋತು, ಕರ್ತವ್ಯವೇ ಹೌದು ಎಂದು ಒಪ್ಪುತ್ತಾಳೆ. ಒಳ್ಳೆಯ ಮನಸ್ಸಿನವಳಾದರೆ ಮರುದಿನ ಬೆಳಿಗ್ಗೆ ಆ ಕಡೆಗೆ ಒಂದು ಎಳೆತ ಹುಟ್ಟಿರುತ್ತದೆ. ಎಲ್ಲಿಂದ ಬಂತು? ತೀರ್ಪಿನ ಒಳಗಿನಿಂದಲೇ ಎಂದು ಆಂತರಿಕವಾದಿ ಹೇಳಬಹುದು. ಬಾಹ್ಯವಾದಿ ಏನು ಹೇಳಬೇಕು? ‘ಯಾವುದು ಸರಿಯೋ ಅದನ್ನು ಮಾಡಬೇಕು’ ಎಂಬ ಒಂದು ಖಾಲಿ ಬಯಕೆ ಅವಳಲ್ಲಿ ಮೊದಲೇ ಇತ್ತು, ಹೊಸ ನಂಬಿಕೆ ಬಂದು ಆ ಖಾಲಿ ಜಾಗ ತುಂಬಿತು ಎನ್ನಬೇಕು. ಆಗ ಅವಳಿಗೆ ರೋಗಿಯ ಬಗ್ಗೆ ನೇರ ಕಾಳಜಿಯಿಲ್ಲ, ‘ಸರಿ’ ಎಂಬ ಪಟ್ಟಿಯ ಬಗ್ಗೆ ಕಾಳಜಿ. ರೋಗಿ ಆ ಪಟ್ಟಿಗೆ ಒಂದು ದಾರಿ ಮಾತ್ರ. ಇದು ಒಳ್ಳೆಯತನವಲ್ಲ, ಒಳ್ಳೆಯತನದ ವ್ಯಾಮೋಹ ಎನ್ನುತ್ತಾನೆ ಸ್ಮಿತ್.

ಮೊದಲ ಸಲ ಕೇಳಿದಾಗ ಇದು ನಾಟುತ್ತದೆ. ನಂತರ ತೂತುಗಳು ಕಾಣುತ್ತವೆ. ಐಸ್‌ಲ್ಯಾಂಡ್ ಮೂಲದ ಸಿಗ್ರುನ್ ಸ್ವಾವರ್ಸ್‌ಡೋಟಿರ್ 1999ರಲ್ಲಿ ತೋರಿಸಿದಂತೆ, ಸಾಮಾನ್ಯ ಬಯಕೆಯೊಂದು ವಿಶೇಷ ಬಯಕೆಯನ್ನು ಹುಟ್ಟಿಸಿದ ಮಾತ್ರಕ್ಕೆ ಎರಡನೆಯದು ಯಾವತ್ತೂ ಮೊದಲಿನದರ ಸೇವಕನಾಗಿಯೇ ಇರಬೇಕಿಲ್ಲ. ಕರ್ತವ್ಯವೆಂದು ರಕ್ತ ಕೊಡಲು ಹೋದವಳು ರೋಗಿಯ ಬಗ್ಗೆಯೇ ಕಾಳಜಿ ಬೆಳೆಸಿಕೊಳ್ಳಬಹುದು. ನನಗೆ ಇದಕ್ಕಿಂತಲೂ ಮುಖ್ಯ ಅನ್ನಿಸುವುದು ಇನ್ನೊಂದು. ಯಾವುದು ಸರಿ ಎಂದು ತಿಳಿಯದೆ ಒದ್ದಾಡುವವನನ್ನು ನೋಡಿ. ಅವನು ಇನ್ನೂ ಯಾವ ಪಕ್ಷಕ್ಕೂ ಸೇರಿಲ್ಲ, ಆದ್ದರಿಂದ ಅವನ ಒದ್ದಾಟವನ್ನು ಯಾವ ವಿಶೇಷ ತೀರ್ಪೂ ಹುಟ್ಟಿಸಿರಲಾರದು. ಆ ಒದ್ದಾಟಕ್ಕೆ ಕಾರಣ ‘ಸರಿಯಾದದ್ದನ್ನೇ ಮಾಡಬೇಕು’ ಎಂಬ ಆ ಖಾಲಿ ಬಯಕೆಯೇ. ಅದನ್ನು ನಾವು ವ್ಯಾಮೋಹ ಎನ್ನುವುದಿಲ್ಲ, ಆತ್ಮಸಾಕ್ಷಿ ಎನ್ನುತ್ತೇವೆ.

ಪ್ರಯೋಗಾಲಯದಿಂದ ಏನಾದರೂ ನೆರವು ಸಿಗುತ್ತದೆಯೇ? ಮನೋವಿಕೃತರತ್ತ, ಅಂದರೆ ಸೈಕೋಪಾತ್‌ಗಳತ್ತ, ಎಲ್ಲರ ಕೈ ಮೊದಲು ಹೋಗುತ್ತದೆ. ಅವರನ್ನು ಅಳೆಯುವ ಪ್ರಸಿದ್ಧ ಪಟ್ಟಿ ರಾಬರ್ಟ್ ಹೇರ್‌ನದು, 20 ಅಂಶ, ಗರಿಷ್ಠ 40 ಅಂಕ. ಈತ ಮನಶ್ಶಾಸ್ತ್ರಜ್ಞ, ಮೊದಲು ಹೇಳಿದ ಹೇರ್ ತತ್ತ್ವಜ್ಞಾನಿ. ಒಂದೇ ಚರ್ಚೆಯಲ್ಲಿ ಇಬ್ಬರು ಹೇರ್‌ಗಳು ಬಂದು ಓದುಗರಿಗೆ ಆಗಿರುವ ತೊಂದರೆ ಅಷ್ಟಿಷ್ಟಲ್ಲ. ಬ್ಲೇರ್ 1995ರಲ್ಲಿ ಮನೋವಿಕೃತರು ನೀತಿಯ ನಿಯಮವನ್ನೂ ಬರಿಯ ರೂಢಿಯ ನಿಯಮವನ್ನೂ ಬೇರ್ಪಡಿಸುವುದಿಲ್ಲ ಎಂದು ಕಂಡ. ಅಂದರೆ ಅವರಿಗೆ ತೀರ್ಪೇ ಇಲ್ಲ, ಆಂತರಿಕವಾದಕ್ಕೆ ಅಪಾಯವಿಲ್ಲ ಅನ್ನಿಸಿತು. ಆದರೆ ಆ ಅಧ್ಯಯನದಲ್ಲಿ ಅವರು ಎಲ್ಲ ನಿಯಮಗಳನ್ನೂ ರೂಢಿಯ ಮಟ್ಟಕ್ಕೆ ಇಳಿಸಿರಲಿಲ್ಲ, ನೀತಿಯ ಮಟ್ಟಕ್ಕೆ ಏರಿಸಿದ್ದರು. ತಾವು ಸುಧಾರಿಸಿದ್ದೇವೆ ಎಂದು ತೋರಿಸಿಕೊಳ್ಳಲು ಎಲ್ಲವನ್ನೂ ‘ಬಹಳ ತಪ್ಪು’ ಎಂದಿರಬಹುದು. 2012ರಲ್ಲಿ ಅಹರೋನಿ ಮತ್ತು ಸಂಗಡಿಗರು ನಿಯಮ ಮುರಿಯುವ ಕೃತ್ಯಗಳ ಪಟ್ಟಿಯೊಂದನ್ನು ಕೊಟ್ಟು, ಅದರಲ್ಲಿ ಅರ್ಧ ಮಾತ್ರ ನೀತಿಗೆ ಸೇರಿದವು ಎಂದು ಮೊದಲೇ ತಿಳಿಸಿ ಆರಿಸಲು ಹೇಳಿದಾಗ, ಮನೋವಿಕೃತಿಯ ಒಟ್ಟು ಅಂಕಕ್ಕೂ ಆಯ್ಕೆಯ ಗುಣಕ್ಕೂ ನಂಟು ಕಾಣಲಿಲ್ಲ. ಪದಗಳನ್ನು ಸರಿಯಾಗಿ ವಿಂಗಡಿಸುವುದು ತೀರ್ಪೇ ಎಂದು ನೀವು ಕೇಳಬಹುದು, ಮತ್ತೆ ಕುರುಡನ ಯಂತ್ರಕ್ಕೇ ಬಂದೆವು.

ಮಿದುಳಿನ ಮುಂಭಾಗದ ಕೆಳ ನಡುವಿನಲ್ಲಿ ಗಾಯವಾದವರ ಪ್ರಕರಣ ಹೆಚ್ಚು ಕಲಿಸುತ್ತದೆ. ಎಸ್ಲಿಂಗರ್ ಮತ್ತು ಡಮಾಸಿಯೊ 1985ರಲ್ಲಿ ಇಂಥ ಒಬ್ಬ ರೋಗಿಯ ಬಗ್ಗೆ ಬರೆದರು. ಗೆಡ್ಡೆ ತೆಗೆದ ಶಸ್ತ್ರಚಿಕಿತ್ಸೆಯ ನಂತರ ಅವನ ಬುದ್ಧಿಮತ್ತೆಗೆ ಕುಂದಿಲ್ಲ, ಬದುಕು ಮಾತ್ರ ಚೆಲ್ಲಾಪಿಲ್ಲಿ. ನೈತಿಕ ಇಕ್ಕಟ್ಟುಗಳನ್ನು ಕಾಗದದ ಮೇಲೆ ಕೊಟ್ಟರೆ ಚೆನ್ನಾಗಿ ಬಿಡಿಸುತ್ತಿದ್ದ. ಭಾವ ಕೆರಳಿಸುವ ಚಿತ್ರ ತೋರಿಸಿದಾಗ ಇಂಥ ರೋಗಿಗಳ ಚರ್ಮದ ವಿದ್ಯುತ್ ಪ್ರತಿಕ್ರಿಯೆ ಏಳುವುದಿಲ್ಲ. ಅಡಿನಾ ರೋಸ್ಕೀಸ್ 2003ರಲ್ಲಿ ಇದನ್ನೇ ಹಿಡಿದು, ಇಗೋ ತೀರ್ಪುಂಟು ಪ್ರೇರಣೆಯಿಲ್ಲದ ಜೀವಂತ ಮನುಷ್ಯ ಎಂದಳು. ಕೆನೆಟ್ ಮತ್ತು ಫೈನ್ ಇದಕ್ಕೆ ಉತ್ತರ ಕೊಟ್ಟರು. ತಕರಾರು ನಿಜಕ್ಕೂ ಇದೆ. ಸುಮ್ಮನೆ ನೋಡುವಾಗ ಏಳದ ಆ ಪ್ರತಿಕ್ರಿಯೆ, ಚಿತ್ರದಲ್ಲಿ ಏನಿದೆ ಹೇಳಿ ಎಂದು ಕೇಳಿದಾಗ ಏಳುತ್ತಿತ್ತು. ಅಲ್ಲದೆ ಚರ್ಮದ ವಿದ್ಯುತ್ತು ಉದ್ರೇಕದ ಅಳತೆ, ಪ್ರೇರಣೆಯ ಅಳತೆಯಲ್ಲ. ಜೊತೆಗೆ, ಮೂರನೆಯವರ ಬಗ್ಗೆ ‘ಅವನು ಹೀಗೆ ಮಾಡಬೇಕಿತ್ತು’ ಎಂದು ಹೇಳುವುದು ಒಂದು, ‘ನಾನು ಈಗ ಇಲ್ಲಿ ಇದನ್ನು ಮಾಡಬೇಕು’ ಎಂದು ತೀರ್ಮಾನಿಸುವುದು ಇನ್ನೊಂದು. ಪರೀಕ್ಷೆಗಳು ಅಳೆದದ್ದು ಹೆಚ್ಚಾಗಿ ಮೊದಲನೆಯದನ್ನು.

ಆದರೆ ಈ ಸಾಲಿನಲ್ಲೇ 1999ರ ಇನ್ನೊಂದು ವರದಿಯಿದೆ, ಆಂಡರ್‌ಸನ್ ಮತ್ತು ಸಂಗಡಿಗರದ್ದು. ಅದೇ ಭಾಗಕ್ಕೆ 16 ತಿಂಗಳು ತುಂಬುವ ಮೊದಲೇ ಗಾಯವಾಗಿ, ಈಗ ದೊಡ್ಡವರಾಗಿದ್ದ ಇಬ್ಬರು. ಅವರ ವರ್ತನೆ ಕೆಟ್ಟಿತ್ತು, ಅದರಲ್ಲಿ ಹೊಸದೇನಿಲ್ಲ. ಹೊಸದೆಂದರೆ, ದೊಡ್ಡವರಾದ ಮೇಲೆ ಗಾಯವಾದವರಲ್ಲಿ ಉಳಿದಿದ್ದ ನೈತಿಕ ವಿವೇಚನೆ ಇವರಲ್ಲಿ ಬೆಳೆದೇ ಇರಲಿಲ್ಲ. ಇಬ್ಬರ ಮೇಲೆ ಸಿದ್ಧಾಂತ ಕಟ್ಟಬಾರದು, ಒಪ್ಪುತ್ತೇನೆ. ಆದರೂ ಆಕಾರ ನೋಡಿ: ಎಳೆತ ಇದ್ದು ಆಮೇಲೆ ಹೋದರೆ ತೀರ್ಪು ಉಳಿಯುತ್ತದೆ, ಎಳೆತ ಮೊದಲಿನಿಂದಲೂ ಇಲ್ಲದಿದ್ದರೆ ತೀರ್ಪೇ ಚಿಗುರುವುದಿಲ್ಲ.

ಇದು ಮೂರನೆಯ ತಿರುಪಿಗೆ ಸರಿಯಾಗಿ ಕೂರುತ್ತದೆ. ನಂಟು ಪ್ರತಿಯೊಂದು ತೀರ್ಪಿನೊಳಗೂ ಇರಬೇಕಿಲ್ಲ. ಒಂದು ಮನಸ್ಥಿತಿಯನ್ನು ನೈತಿಕ ತೀರ್ಪು ಎಂದು ಕರೆಯಬೇಕಾದರೆ ಆ ಬಗೆಯ ಮನಸ್ಥಿತಿಗಳು ಒಟ್ಟಾರೆಯಾಗಿ, ಆ ಮನುಷ್ಯನಲ್ಲಿ ಹಿಂದೆಂದಾದರೂ ಅಥವಾ ಅವನ ಸಮುದಾಯದಲ್ಲಿ, ಪ್ರೇರಣೆಗೆ ಹೊಂದಿಕೊಂಡಿರಬೇಕು. ನಮ್ಮ ನಿರ್ಲಿಪ್ತ ಪರೀಕ್ಷಕ ತೀರ್ಪು ಕೊಡಬಲ್ಲ, ಏಕೆಂದರೆ ಅವನ ಸುತ್ತ ‘ಅನ್ಯಾಯ’ ಎಂಬ ಪದಕ್ಕೆ ಎದ್ದು ನಿಲ್ಲುವ ಜನರಿದ್ದಾರೆ, ಅವರಿಂದಲೇ ಅವನು ಆ ಪದ ಕಲಿತ. ಡ್ರೈಯರ್, ಜಾನ್ ಟ್ರೆಸನ್ ಮೊದಲಾದವರು ಇದರ ಬೇರೆ ಬೇರೆ ರೂಪಗಳನ್ನು ಕಟ್ಟಿದ್ದಾರೆ. ನನಗೆ ಒಪ್ಪಿಗೆಯಾಗುವ ಆಂತರಿಕವಾದ ಇದೊಂದೇ.

ಆದರೆ ಇದಕ್ಕೆ ತೆರಬೇಕಾದ ಬೆಲೆಯನ್ನು ಯಾರೂ ಗಟ್ಟಿಯಾಗಿ ಹೇಳುವುದಿಲ್ಲ. ಹ್ಯೂಮ್‌ನ ತ್ರಿಕೋನಕ್ಕೆ ಹಿಂದಿರುಗಿ. ‘ನೈತಿಕ ತೀರ್ಪು ನಂಬಿಕೆಯಲ್ಲ’ ಎಂಬ ತೀರ್ಮಾನ ಹೊರಡಬೇಕಾದರೆ ಎರಡನೆಯ ಹೇಳಿಕೆ ಗಟ್ಟಿಯಾಗಿರಬೇಕು: ಈ ತೀರ್ಪು, ಈ ಮನುಷ್ಯನಲ್ಲಿ, ಈಗ, ಬೇರೆ ಬಯಕೆಯ ನೆರವಿಲ್ಲದೆ ಪ್ರೇರಿಸುತ್ತದೆ. ಅಷ್ಟು ಗಟ್ಟಿಯಾದದ್ದನ್ನು ಖಿನ್ನ ಪರೀಕ್ಷಕ ಒಬ್ಬನೇ ಒಡೆದುಹಾಕುತ್ತಾನೆ. ಸಮುದಾಯದ ಮಟ್ಟಕ್ಕೆ ಇಳಿಸಿದರೆ ಹೇಳಿಕೆ ಉಳಿಯುತ್ತದೆ, ಆದರೆ ಅದರಿಂದ ಏನೂ ಹೊರಡುವುದಿಲ್ಲ. ಸಮುದಾಯದಲ್ಲಿ ಬಹುಪಾಲು ಜನ ಸರಿಯಾದದ್ದನ್ನು ಬಯಸುತ್ತಾರೆ, ಅವರ ತೀರ್ಪುಗಳು ಬರಿಯ ನಂಬಿಕೆಗಳು ಎಂದರೂ ಲೆಕ್ಕ ಸರಿಹೋಗುತ್ತದೆ. ವಾದಕ್ಕೆ ಬೇಕಾದ ಆಂತರಿಕವಾದ ಸುಳ್ಳು, ನಿಜವಾದ ಆಂತರಿಕವಾದದಿಂದ ವಾದ ನಡೆಯದು. ಅಭಿವ್ಯಕ್ತಿವಾದ ಸುಳ್ಳೆಂದು ಇದರಿಂದ ಆಗದು, ಆದರೆ ಅದರ ಅತಿ ಹಳೆಯ ಆಸರೆ ಹೋಯಿತು. ಅದು ಬೇರೆ ಕಂಬ ಹುಡುಕಬೇಕು. ನೈತಿಕ ಮಾತಿನ ಕೆಲಸವೇ ನಡವಳಿಕೆಗಳನ್ನು ಒಂದಕ್ಕೊಂದು ಹೊಂದಿಸುವುದು ಎಂಬ ಗಿಬ್ಬರ್ಡ್‌ನ ದಾರಿ ಅಂಥದ್ದೊಂದು.

ಸಮುದಾಯದ ರೂಪಕ್ಕೂ ಒಂದು ಗಂಟು ಬಿಡಿಸುವುದಿದೆ. ಒಂದು ಇಡೀ ಸಮುದಾಯದಲ್ಲಿ ಎಳೆತ ಒಂದೇ ರಾತ್ರಿಯಲ್ಲಿ ಬತ್ತಿತು ಅನ್ನಿ. ಮರುದಿನ ಬೆಳಿಗ್ಗೆ ಅವರ ‘ಅನ್ಯಾಯ’ ಇನ್ನೂ ತೀರ್ಪೇ. ಅವರು ದೊಡ್ಡವರಾದ ಮೇಲೆ ಗಾಯವಾದ ರೋಗಿಯ ಹಾಗೆ. ಅವರ ಮಕ್ಕಳು ಆ ಪದವನ್ನು ಎಳೆತವಿಲ್ಲದವರಿಂದಲೇ ಕಲಿಯುತ್ತಾರೆ. ಮೊಮ್ಮಕ್ಕಳು ಆ ಮಕ್ಕಳಿಂದ. ಈ ಮೊಮ್ಮಕ್ಕಳು ಆಂಡರ್‌ಸನ್‌ನ ಇಬ್ಬರು ರೋಗಿಗಳ ಹಾಗೆಯೇ? ಪೂರ್ತಿ ಹಾಗಲ್ಲ. ಆ ಇಬ್ಬರ ಸುತ್ತ ಎಳೆತವುಳ್ಳ ಜನರಿದ್ದರು, ಪದ ದಿನವೂ ಕಿವಿಗೆ ಬೀಳುತ್ತಿತ್ತು, ಕೊರತೆ ಇದ್ದದ್ದು ಅವರೊಳಗೆ. ಈ ಮೊಮ್ಮಕ್ಕಳಲ್ಲಿ ಹಳೆಯ ಬಳಕೆಯ ನೆನಪು ಪದದಲ್ಲಿ ಉಳಿದಿದೆ, ಆದರೆ ಹೊರಗೆ ಎಲ್ಲೂ ಎಳೆತವಿಲ್ಲ, ಒಳಗೂ ಇಲ್ಲ. ಪದದ ಚರಿತ್ರೆ ಸಾಕು ಎಂದರೆ ಅವರು ತೀರ್ಪು ಕೊಡುತ್ತಿದ್ದಾರೆ. ಈಗ ಬದುಕಿರುವ ಯಾರಾದರೂ ಒಬ್ಬರಲ್ಲಿ ಎಳೆತ ಹಿಂದೆಂದಾದರೂ ಇದ್ದಿರಬೇಕು ಎಂದರೆ ಅವರು ಬರಿಯ ಲೇಬಲ್ ಅಂಟಿಸುತ್ತಿದ್ದಾರೆ. ನನ್ನ ಒಲವು ಎರಡನೆಯದರ ಕಡೆಗೆ. ಆದರೆ ಹಾಗೆ ಹೇಳಿದರೆ, ಮಕ್ಕಳಿಗೂ ಮೊಮ್ಮಕ್ಕಳಿಗೂ ನಡುವೆ ಎಲ್ಲೋ, ಅವರು ಆಡುವ ವಾಕ್ಯಗಳಲ್ಲಿ ಒಂದಕ್ಷರವೂ ಬದಲಾಗದೆ, ತೀರ್ಪು ನಿಂತುಹೋಯಿತು ಎಂದೂ ಒಪ್ಪಬೇಕಾಗುತ್ತದೆ.